ಎಳೆಬಿಸಿಲಿನ ಅಗ್ಗದ ದೇಶ

ಇಂಥ ಪ್ರಸಂಗಗಳು ಅದು ಹೇಗೋ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ನಾನು ಎಲ್ಲೋ ಮೂಲೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರೂ ಅವಕ್ಕೆ ನನ್ನ ವಿಳಾಸ ಗೊತ್ತು. "ಅವು ಬರೋದಲ್ಲ ರೀ, ನೀವೇ ಕಾರ್ ತಗೊಂಡು ಹೋಗಿ ಕರ್ಕೊಂಡು ಬರ್ತೀರಿ" ಅನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ಡಲ್ಲಾಸ್ ಕಡೆಯ ಕನ್ನಡದವರಲ್ಲಿ ನನ್ನ ಮಾತನ್ನು ಪೂರ್ತಿ ನಂಬುವವರು ಯಾರೂ ಇಲ್ಲ. ಒಂದು ರಾಜ್ಯೋತ್ಸವದ ದಿನ "ಹೋಳಿಗೆ ಖಾಲಿ" ಅಂತ ಕೂಗಿ, ಸಾಲು ಚದುರಿದ ಮೇಲೆ ನೆಮ್ಮದಿಯಾಗಿ ನಿಂತು ತಿಂದಿದ್ದೆ. ಅವತ್ತಿನಿಂದ ಹೀಗೆ. ಆದರೆ ಈಗ ಹೇಳುವುದೆಲ್ಲ ನಿಜ. ಒಗ್ಗರಣೆ ಮಾತ್ರ ನಂದು.

೧. ಬಿಸಿಲಿಗೇನು ಬರ

ಡಲ್ಲಾಸ್ ಪಕ್ಕದ ಮರ್ಫಿಯಲ್ಲಿ ನಮಗೆ ಬೇಕಾದ ಒಬ್ಬರು ಅಂಕಲ್ ಇದ್ದಾರೆ. ಮೈಸೂರಿನವರು, ಎಂಜಿನಿಯರಾಗಿದ್ದು ರಿಟೈರ್ ಆದವರು. ನೆಂಟರೇನಲ್ಲ. ಅವರ ಟೀವಿ ಕೆಟ್ಟರೆ ನಾನು ಹೋಗಬೇಕು, ನನಗೆ ಹಸಿವಾದರೆ ಅವರ ಮನೆಯ ಆಂಟಿ ಬಡಿಸಬೇಕು, ಅಂಥ ಸಂಬಂಧ.

ಜೂನ್ ತಿಂಗಳ ಒಂದು ಶನಿವಾರ ಹೋದೆ. ಆಂಟಿ ಡ್ರೈವ್‌ವೇ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿಕೊಂಡು ಅಕ್ಕಿ ಸಂಡಿಗೆ ಒತ್ತುತ್ತಿದ್ದರು. ಹಿಂದಿನ ವರ್ಷ ಬಡಾವಣೆಯ ಸಂಘದವರು "ನಿಮ್ಮ ಡ್ರೈವ್‌ವೇಯಲ್ಲಿ ಗುರುತು ಸಿಗದ ಬಿಳಿ ವಸ್ತುಗಳು ಹರಡಿಕೊಂಡಿವೆ" ಅಂತ ನೋಟಿಸ್ ಕಳಿಸಿದ್ದರು. ಆಂಟಿ ಒಂದು ಡಬ್ಬಿ ಕರಿದು ಕಳಿಸಿದ ಮೇಲೆ ಗುರುತು ಸಿಕ್ಕಿತ್ತು.

ಅಂಕಲ್ ಗರಾಜಿನಿಂದ ಹೊರಗೆ ಬಂದರು. "ನಾವು ಮೆಕ್ಸಿಕೋಗೆ ಶಿಫ್ಟ್ ಆಗ್ತಿದೀವಿ ಕಣಯ್ಯಾ. ಕೆರೆ ದಂಡೆ ಮೇಲೆ ಒಂದೂರು. ರಿಟೈರ್ ಆದವರೇ ಬಂದು ತುಂಬ್ಕೊಂಡಿದಾರೆ. ವರ್ಷಪೂರ್ತಿ ಎಳೆಬಿಸಿಲು, ಖರ್ಚು ಇಲ್ಲಿಯ ಅರ್ಧ!"

ಆಂಟಿ ತಲೆ ಎತ್ತಲಿಲ್ಲ. "ಬಿಸಿಲು ಬೇಕಾದ್ರೆ ಬಂದು ಈ ಶೀಟ್ ಮೇಲೆ ಮಲ್ಕೊಳ್ಳಿ. ಸಾಯಂಕಾಲ ತಿರುವಿ ಹಾಕ್ತೀನಿ."

ಅಂಕಲ್ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಚಳಿಗಾಲದ ಹಿಮಕ್ಕೆ ಮನೆಯ ಪೈಪ್ ಒಡೆದಿತ್ತು. ಆಲಿಕಲ್ಲು ಬಿದ್ದು ಛಾವಣಿ ಹೋಯಿತು, ಅದರ ಹಿಂದೆಯೇ ಇನ್ಶೂರೆನ್ಸ್ ಏರಿತು. ಬೇಸಿಗೆಯ ಏಸಿ ಬಿಲ್ ಬಂದ ದಿನ ಅವರು ಊಟ ಬಿಡುತ್ತಿದ್ದರು. "ಸಾಲ ತೀರಿಸಿ ಮನೆ ನಂದು ಮಾಡ್ಕೊಂಡೆ. ಈಗ ಟ್ಯಾಕ್ಸ್ ಅಂತ ಹೆಸರಿಟ್ಟು ಕೌಂಟಿಗೆ ಬಾಡಿಗೆ ಕಟ್ತಾ ಇದೀನಿ. ಮಾರಿಬಿಟ್ಟು ಹೋಗೋಣ."

ಆಂಟಿಯ ಕೈ ನಿಂತಿತು. ಆ ಮನೆಯ ಹಿತ್ತಲಿನ ಮಲ್ಲಿಗೆ, ಚಳಿಗಾಲದಲ್ಲಿ ಮಗುವಿನ ಹಾಗೆ ಒಳಗೆ ಎತ್ತಿಟ್ಟುಕೊಳ್ಳುವ ಕರಿಬೇವು, ಪ್ರತಿ ಗುರುವಾರ ಭಜನೆಗೆ ಬರುವ ಗೆಳತಿಯರು, ಎಲ್ಲವೂ ಅವರ ಮುಖದಲ್ಲಿ ಹಾದುಹೋದವು. "ಈ ಮನೆ ಮಾರೋ ಹಾಗಿಲ್ಲ."

ಕೊನೆಗೆ ರಾಜಿ ಆಯಿತು. ಮನೆಯನ್ನು ಒಂದು ವರ್ಷ ಬಾಡಿಗೆಗೆ ಕೊಡುವುದು. ಅಲ್ಲಿ ಇದ್ದು ನೋಡುವುದು. ಖರ್ಚು ಮರ್ಫಿಗಿಂತ ಕಮ್ಮಿಯಾದರೆ ಮನೆ ಮಾರುವುದು, ಜಾಸ್ತಿಯಾದರೆ ವಾಪಸ್ ಬಂದು ಅಂಕಲ್ ಮತ್ತೆ ಆ ಮಾತೇ ಎತ್ತಬಾರದು.

"ಇವನೇ ಸಾಕ್ಷಿ" ಎಂದರು ಅಂಕಲ್, ನನ್ನ ಬೆನ್ನು ತಟ್ಟುತ್ತಾ.

ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕೆ, ನಿಜ ಹೇಳೋರು ಯಾರೂ ಸಿಗಲಿಲ್ವಾ?"

೨. ತಾಲೀಮು

ಹೊರಡಲು ಇನ್ನೂ ಒಂದು ತಿಂಗಳು ಇರುವಾಗಲೇ ಅಂಕಲ್ ತಾಲೀಮು ಶುರು ಮಾಡಿದರು. ಅಲ್ಲಿ ಕಾರು ಬೇಡ, ಚೀಲ ಹಿಡಿದು ನಡೆದೇ ಸಂತೆಗೆ ಹೋಗುತ್ತಾರೆ. ಹಾಗಾದರೆ ಇವತ್ತಿನಿಂದಲೇ ಇಲ್ಲೂ ನಡೆಯೋಣ ಅಂತ. "ಅಲ್ಲಿ ಹುಲ್ಲಿನ ಟೋಪಿ ಹಾಕದವರನ್ನ ಅಂಗಡಿಯವರು ಮಾತಾಡ್ಸಲ್ಲ ಅಂಕಲ್" ಅಂತ ನಾನೂ ಒಂದು ಮಾತು ಸೇರಿಸಿದೆ. ಮರುದಿನವೇ ಕೊಡೆಯಷ್ಟು ಅಗಲದ ಟೋಪಿ ಬಂತು.

ಮಧ್ಯಾಹ್ನದ ಬಿಸಿಲಲ್ಲಿ ಟೋಪಿ ಹಾಕಿಕೊಂಡು, ಬಟ್ಟೆ ಚೀಲ ಹಿಡಿದು ಕೊತ್ತಂಬರಿ ಸೊಪ್ಪಿಗೆ ಹೊರಟರು. ಮರ್ಫಿಯಲ್ಲಿ ನಾಯಿ ಇಲ್ಲದೆ ನಡೆಯುವ ಮನುಷ್ಯನನ್ನು ಯಾರೂ ನೋಡಿರಲಿಲ್ಲ. ಅರ್ಧ ದಾರಿಗೆ ಫುಟ್‌ಪಾತ್ ಮುಗಿಯಿತು, ಹುಲ್ಲು ಶುರುವಾಯಿತು. ಮೊದಲು ಒಬ್ಬ ಹೆಂಗಸು ಟ್ರಕ್ ನಿಲ್ಲಿಸಿ ನೀರಿನ ಬಾಟಲಿ ಕೊಟ್ಟಳು. ಆಮೇಲೆ ಚರ್ಚಿನವರೊಬ್ಬರು ನಿಲ್ಲಿಸಿ ಇನ್ನೊಂದು ಬಾಟಲಿ ಕೊಟ್ಟು, ಅಂಕಲ್‌ಗೋಸ್ಕರ ಅಲ್ಲೇ ಪ್ರಾರ್ಥನೆ ಮಾಡಿದರು. ಕೊನೆಗೆ ಪೊಲೀಸ್ ಕಾರೇ ಬಂತು. (ಫೋನ್ ಮಾಡಿದ್ದು ನಾನಲ್ಲ. ಇದನ್ನೂ ಯಾರೂ ನಂಬುವುದಿಲ್ಲ.)

"ಸರ್, ಮನೆ ಎಲ್ಲಿ ಅಂತ ನೆನಪಿದೆಯಾ?" ಎಂದು ಕೇಳಿದನಂತೆ ಪೊಲೀಸ್, ಬಲು ಮೃದುವಾಗಿ.

"ಮನೆ ನೆನಪಿದೆ, ಕೊತ್ತಂಬರಿ ಬೇಕು" ಎಂದರಂತೆ ಅಂಕಲ್.

ಆ ಪುಣ್ಯಾತ್ಮ ಇವರನ್ನು ತಣ್ಣನೆಯ ಕಾರಲ್ಲಿ ಕೂರಿಸಿಕೊಂಡು ಅಂಗಡಿಗೆ ಹೋಗಿ, ಕೊತ್ತಂಬರಿ ಕೊಳ್ಳುವವರೆಗೂ ಕಾದು, ಮನೆ ಬಾಗಿಲಿಗೆ ತಂದು ಬಿಟ್ಟ. ಬೀದಿಯ ಕಿಟಕಿಗಳ ಪರದೆಗಳೆಲ್ಲ ಒಮ್ಮೆಗೇ ಸರಿದವು.

ಆಂಟಿ ಚೀಲ ಇಸಕೊಂಡು ಸೊಪ್ಪು ನೋಡಿದರು. "ನೀವು ಹೇಳಿದ್ದು ಸರಿ. ಕಾರಿಲ್ಲದಿದ್ರೆ ಖರ್ಚೇ ಇಲ್ಲ. ನಾಳೆ ಹಾಲು ತರಬೇಕು, ಅವರಿಗೆ ಹೇಳಿದ್ರಾ?"

೩. ಒಂದು ಸಣ್ಣ ಮೆಸೇಜು

ಆಗಸ್ಟಿನಲ್ಲಿ ಇಬ್ಬರೂ ಹೊರಟುಹೋದರು. ಪ್ರತಿ ಭಾನುವಾರ ಅಂಕಲ್ ವಿಡಿಯೋ ಕಾಲ್ ಮಾಡುತ್ತಿದ್ದರು. "ಬಿಸಿಲು ನೋಡಯ್ಯಾ" ಎಂದು ಫೋನನ್ನು ಆಕಾಶಕ್ಕೆ ಹಿಡಿಯುತ್ತಿದ್ದರು. ನಮಗೆ ಬೆಳ್ಳಗಿನ ಸ್ಕ್ರೀನ್ ಬಿಟ್ಟು ಏನೂ ಕಾಣುತ್ತಿರಲಿಲ್ಲ, ಆದರೂ "ಆಹಾ" ಅನ್ನುತ್ತಿದ್ದೆವು.

"ಏಸಿ ಇಲ್ಲ, ಹೀಟರ್ ಇಲ್ಲ! ಕರೆಂಟ್ ಬಿಲ್ ನೋಡಿ ಪಕ್ಕದ ಮನೆಯ ನಾಯಿಗೂಡಿಂದು ಬಂದಿದೆ ಅಂದ್ಕೊಂಡೆ. ಪರಂಗಿಹಣ್ಣನ್ನ ಸುಮ್ನೆ ಕೊಡ್ತಾರೆ ಕಣಯ್ಯಾ, ಸುಮ್ನೆ!"

ಹಿಂದೆ ನಿಂತ ಆಂಟಿಯ ಮುಖ ಮಾತ್ರ ವಾರದಿಂದ ವಾರಕ್ಕೆ ಸಣ್ಣಗಾಗುತ್ತಿತ್ತು. ಪರಂಗಿಹಣ್ಣು ಅಗ್ಗವಾದಷ್ಟೂ ಮರ್ಫಿಯ ಮನೆ ಕೈ ತಪ್ಪುತ್ತಿತ್ತಲ್ಲ. ಅಕ್ಟೋಬರಿನಲ್ಲಿ ಒಂದು ದಿನ ಅಂಕಲ್ ಕೇಳಿಯೇಬಿಟ್ಟರು: "ಮನೆ ಮಾರ್ಸೋ ಒಳ್ಳೆ ಏಜೆಂಟ್ ಯಾರಾದ್ರೂ ಗೊತ್ತೇನಯ್ಯಾ?"

ನನಗೆ ಆಂಟಿಯನ್ನು ನೋಡಿ ಸಂಕಟವಾಯಿತು. ಸಂಕಟವಾದಾಗ ನನ್ನ ಕೈ ಸುಮ್ಮನಿರುವುದಿಲ್ಲ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡದವರಿರುವ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿದೆ: "ಮೆಕ್ಸಿಕೋದ ನಮ್ಮ ಅಂಕಲ್ ಮನೆಯಲ್ಲಿ ಕನ್ನಡಿಗರಿಗೆ ಉಚಿತ ಊಟ, ವಸತಿ. ಬೆಳಿಗ್ಗೆ ಇಡ್ಲಿ, ಸಂಜೆ ಕೆರೆ ದಂಡೆ. ಹೊರಡುವಾಗ ಎಲೆ ಅಡಿಕೆಯ ಬದಲು ಪರಂಗಿಹಣ್ಣು."

ಎಲ್ಲರೂ ನಗುವ ಹಳದಿ ಮುಖ ಹಾಕಿ ಸುಮ್ಮನಾದರು. ನಾನೂ ಮರೆತೆ. ಎರಡು ವಾರದ ಮೇಲೆ ಸುದ್ದಿ ಬಂತು. ಹ್ಯೂಸ್ಟನ್ ಹತ್ತಿರದ ಶುಗರ್ ಲ್ಯಾಂಡಿನಲ್ಲಿರುವ ಧಾರವಾಡದ ಡಾಕ್ಟರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಂಕಲ್ ಮನೆಗೆ ಹೋಗಿದ್ದಾರೆ! ಅವರ ಹಿಂದೆ ಆಸ್ಟಿನ್ನಿನ ಒಂದು ಜೋಡಿಯೂ ಟಿಕೆಟ್ ಮಾಡಿಸಿದೆ!

ಅಯ್ಯೋ ಎಂಥ ಕೆಲಸ ಮಾಡಿಬಿಟ್ಟೆ ಅನ್ನಿಸಿತು. ಆಮೇಲೆ ಯೋಚಿಸಿದರೆ, ಹದಿನೈದು ವರ್ಷದಲ್ಲಿ ನನ್ನ ಮಾತನ್ನು ನಂಬಿ ಜನ ವಿಮಾನ ಹತ್ತಿದ್ದು ಇದೇ ಮೊದಲು. ಹೆಂಡತಿಯನ್ನು ಕರೆದು ತೋರಿಸಿದೆ.

೪. ಸಸ್ತಾ ಊರು

ಡಿಸೆಂಬರ್ ರಜೆಗೆ ನಾವೂ ಹೊರಟೆವು. ಮಾಡಿದ್ದನ್ನು ಕಣ್ಣಾರೆ ನೋಡಬೇಕಲ್ಲ.

ಎರಡು ಬೆಡ್‌ರೂಮಿನ ಪುಟ್ಟ ಮನೆ. ಒಂದರಲ್ಲಿ ಡಾಕ್ಟರ ಸಂಸಾರ, ಎರಡನೇ ಸಲ ಬಂದವರು. ಇನ್ನೊಂದರಲ್ಲಿ ಆಸ್ಟಿನ್ನಿನ ಜೋಡಿ, ಮೊದಲ ಸಲ ಬಂದು ಇನ್ನೂ ಹೋಗದವರು. "ನಾವು ವರ್ಕ್ ಫ್ರಮ್ ಹೋಮ್, ಅಂಕಲ್" ಎನ್ನುತ್ತಿದ್ದರು. ವರ್ಕ್ ಅವರದು, ಹೋಮ್ ಅಂಕಲ್‌ದು. ನಮಗೆ ಹಾಲ್ ಸಿಕ್ಕಿತು. ಮನೆಯ ಯಜಮಾನರು ಹಿತ್ತಲಲ್ಲಿ ಎರಡು ಮರಗಳ ನಡುವೆ ಕಟ್ಟಿದ ಬಲೆಯ ಜೋಲಿಯಲ್ಲಿ ಮಲಗುತ್ತಿದ್ದರು, ಮುಖದ ಮೇಲೆ ಹುಲ್ಲಿನ ಟೋಪಿ.

ಊಟವೋ, ಮದುವೆ ಮನೆ! ದಿನಾ ಗೋಡಂಬಿ ಸುರಿದ ಬಿಸಿಬೇಳೆಬಾತು, ತುಪ್ಪದ ಹೊಳೆ. ತೊಗರಿಬೇಳೆ ಆ ಊರಲ್ಲಿ ಸಿಗುವುದಿಲ್ಲ. ಟ್ಯಾಕ್ಸಿ ಮಾಡಿಕೊಂಡು ದೊಡ್ಡ ಊರಿಗೆ ಹೋಗಬೇಕು. ಅಲ್ಲಿರುವ ಒಂದೇ ಅಂಗಡಿಯವನು ಅದನ್ನು ಬಂಗಾರದ ಹಾಗೆ ತೂಗುತ್ತಾನೆ. ಪರಂಗಿಹಣ್ಣು ಸುಮ್ಮನೆ ಕೊಡುವ ಊರಲ್ಲಿ ಅಂಕಲ್ ಬೇಳೆಗೆ, ಟ್ಯಾಕ್ಸಿಗೆ, ಏರ್‌ಪೋರ್ಟ್ ವ್ಯಾನಿಗೆ ದುಡ್ಡು ಎಣಿಸುತ್ತಾ ತಿರುಗುತ್ತಿದ್ದರು.

ನನ್ನ ಮಗ ಜೋಲಿಯ ಹತ್ತಿರ ಹೋಗಿ, "ಅಂಕಲ್, ಕ್ಯಾನ್ ಐ ಹ್ಯಾವ್ ಎ ಟರ್ನ್?" ಎಂದ. ಅದೂ ಹೋಯಿತು.

ಹೊರಡುವ ದಿನ ಡಾಕ್ಟರು ಅಂಕಲ್ ಕೈ ಹಿಡಿದುಕೊಂಡು ಕುಲುಕಿದರು. "ನೀವು ಹೇಳಿದ್ದು ಖರೇ ಅದರೀ ಸರ. ಭಾಳ ಸಸ್ತಾ ಊರು! ಹತ್ತು ದಿನ ಇದ್ವಿ, ಒಂದು ಪೈಸಾ ಖರ್ಚಾಗ್ಲಿಲ್ರೀ!"

೫. ಅಡುಗೆಮನೆಯಲ್ಲಿ

ಅವತ್ತು ರಾತ್ರಿ ನನಗೆ ತಡೆಯಲಾಗಲಿಲ್ಲ. ಆಂಟಿ ಒಬ್ಬರೇ ಇಡ್ಲಿಗೆ ರುಬ್ಬುತ್ತಿದ್ದರು.

"ಆಂಟಿ, ಇಷ್ಟು ಜನ ಬಂದು ನಿಮ್ಮ ಬೆನ್ನು ಮುರೀತಿರೋದಕ್ಕೆ ನಾನೇ ಕಾರಣ. ತಮಾಷೆಗೆ ಅಂತ ಒಂದು ಮೆಸೇಜ್ ಹಾಕಿದ್ದೆ..."

ಆಂಟಿ ಗ್ರೈಂಡರ್ ನಿಲ್ಲಿಸಿದರು. "ನಿನ್ನ ಮೆಸೇಜಾ? ಅದನ್ನ ಯಾರಪ್ಪ ನಂಬ್ತಾರೆ! ಅದನ್ನ ನೋಡಿ ಬಂದವನು ಒಬ್ಬನೇ."

"ಯಾರು?"

"ನೀನು."

ಆಂಟಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮಿಕ್ಕವರಿಗೆಲ್ಲ ನಾನೇ ಫೋನ್ ಮಾಡಿ ಕರೆದಿದ್ದು. ಮಕ್ಕಳನ್ನೂ ಕರ್ಕೊಂಡು ಬನ್ನಿ ಅಂತ ಹೇಳಿ ಹೇಳಿ ಕರೆದೆ. ಮರ್ಫಿ ಮನೆ ಉಳೀಬೇಕಲ್ಲಪ್ಪಾ? ಇನ್ನೂ ಸಂಕ್ರಾಂತಿಗೆ ಹ್ಯೂಸ್ಟನ್ನಿನವರು ಇದಾರೆ, ಶಿವರಾತ್ರಿಗೆ ಆಸ್ಟಿನ್ ಭಜನೆ ಗುಂಪು ಬರುತ್ತೆ."

"ಅಂಕಲ್‌ಗೆ ಹೇಳ್ಬಿಟ್ರೆ?" ಎಂದೆ, ಸ್ವಲ್ಪ ಹೆದರಿಸೋಣ ಅಂತ.

"ಹೇಳು" ಎಂದು ಆಂಟಿ ಮತ್ತೆ ಗ್ರೈಂಡರ್ ಹಾಕಿದರು. "ನೀನು ಹೇಳಿದ್ರೆ ಅವರಿಗೆ ನನ್ನ ಮೇಲಿನ ನಂಬಿಕೆ ಜಾಸ್ತಿಯಾಗುತ್ತೆ."

೬. ಕೊನೆಗೂ ಸಿಕ್ಕಿತು

ಯುಗಾದಿಗೆ ಅಂಕಲ್ ಕೈ ಚೆಲ್ಲಿದರು. ಎಷ್ಟು ಸಲ ಲೆಕ್ಕ ಹಾಕಿದರೂ ಮರ್ಫಿಯೇ ಅಗ್ಗ. "ಇನ್ನು ಮನೆ ಮಾರೋ ಮಾತಿಲ್ಲ ಕಣೇ, ವಾಪಸ್ ಹೋಗೋಣ" ಎಂದರಂತೆ. ಆಂಟಿ ಬೇವು ಬೆಲ್ಲದ ಬಟ್ಟಲು ಹಿಡಿದುಕೊಂಡು, ಬೇವನ್ನಷ್ಟೇ ತಿಂದ ಮುಖ ಮಾಡಿ, "ನೀವು ಹೇಗೆ ಹೇಳಿದ್ರೆ ಹಾಗೆ" ಅಂದರಂತೆ.

ಒಂದೇ ತೊಡಕು. ಮರ್ಫಿಯ ಬಾಡಿಗೆದಾರರ ಕರಾರು ಆಗಸ್ಟ್‌ವರೆಗೂ ಇತ್ತು. ಇವರು ಬಂದಿಳಿದದ್ದು ಏಪ್ರಿಲಿನಲ್ಲಿ. ಸಿಯಾಟಲ್‌ನಲ್ಲಿರುವ ಅವರ ಮಗಳು ಬನ್ನಿ ಬನ್ನಿ ಎಂದಳು. "ಅಲ್ಲಿ ಬಿಸಿಲೇ ಇಲ್ಲ" ಎಂದರು ಅಂಕಲ್. ಹಾಗಾಗಿ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಅನ್ನುವ ಊರಿನ ನಮ್ಮ ಮನೆಯ ಗೆಸ್ಟ್ ರೂಮಿಗೆ ಎಂಟು ಸೂಟ್‌ಕೇಸು, ಒಂದು ಗ್ರೈಂಡರು, ಒಂದು ಹುಲ್ಲಿನ ಟೋಪಿ ಬಂದವು.

ಆ ರೂಮಿಗೆ ಪೂರ್ವದ ಕಿಟಕಿ. ಬೆಳಿಗ್ಗೆ ಎಳೆಬಿಸಿಲು ನೇರ ಹಾಸಿಗೆಗೆ. ಬಿಸಿಲು ಏರಿತೋ, ಅಂಕಲ್ ಎದ್ದು ನಮ್ಮ ಏಸಿಯನ್ನು ಶಿಮ್ಲಾ ಮಾಡಿ ಶಾಲು ಹೊದ್ದು ಕೂರುತ್ತಿದ್ದರು. ಆಂಟಿ ನಮ್ಮ ಡ್ರೈವ್‌ವೇ ಮೇಲೆ ಸಂಡಿಗೆ ಹಾಕಿದರು. ಗುರುತು ಸಿಗದ ಬಿಳಿ ವಸ್ತುಗಳ ನೋಟಿಸ್ ಈ ಸಲ ನನ್ನ ಹೆಸರಿಗೆ ಬಂತು.

ಮೇ ತಿಂಗಳ ಕರೆಂಟ್ ಬಿಲ್ ಬಂದ ದಿನ ನಾನು ಊಟ ಬಿಟ್ಟೆ. ಗುಂಪಿಗೆ ಮೆಸೇಜ್ ಹಾಕಿದೆ: "ಅಂಕಲ್, ಆಂಟಿಯನ್ನು ಆಗಸ್ಟ್‌ವರೆಗೆ ಯಾರಾದರೂ ಸರದಿಯ ಮೇಲೆ ಕರೆದುಕೊಳ್ಳಿ. ದಮ್ಮಯ್ಯ. ಇದು ತಮಾಷೆಯಲ್ಲ."

ನಗುವ ಹಳದಿ ಮುಖಗಳ ಮಳೆಯೇ ಸುರಿಯಿತು. ಡಾಕ್ಟರು ಬರೆದರು: "ಭಾಳ ಛಲೋ ಜೋಕ್ ರೀ ಸರ. ನೀವು ಸುಧಾರಸೂದಿಲ್ಲ ಬಿಡ್ರಿ!"

ಫೋನ್ ಕೆಳಗಿಟ್ಟು ಕೂತೆ. ಗೆಸ್ಟ್ ರೂಮಿನಿಂದ ಅಂಕಲ್ ದನಿ ಕೇಳಿಸಿತು. ಅದೇ ಡಾಕ್ಟರಿಗೆ ಫೋನ್.

"ಸಿಕ್ತು ಡಾಕ್ಟ್ರೇ, ನಾನು ಹುಡುಕ್ತಿದ್ದ ದೇಶ ಕೊನೆಗೂ ಸಿಕ್ತು! ಎಳೆಬಿಸಿಲಿದೆ, ಕರೆಂಟ್ ಬಿಲ್ ಇಲ್ಲ, ಟ್ಯಾಕ್ಸ್ ಇಲ್ಲ, ಎಲ್ಲರೂ ಕನ್ನಡಾನೇ ಮಾತಾಡ್ತಾರೆ. ಒಂದು ಪೈಸಾ ಖರ್ಚಿಲ್ಲ ರೀ! ಮುಂದಿನ ವಾರ ಹೊರಟು ಬಂದ್ಬಿಡಿ. ಮಕ್ಕಳನ್ನೂ ಕರ್ಕೊಂಡು ಬನ್ನಿ. ಹಾಲ್ ಖಾಲಿ ಇದೆ!"