ಬಾಯಿ ಎಡಕ್ಕೆ, ಕೈ ಬಲಕ್ಕೆ

ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಸಾಕು, ಎಂಜಲು ಹಚ್ಚಿ ಒರೆಸಿದ ಸ್ಲೇಟಿನ ವಾಸನೆ ಬಸ್ ನಿಲ್ದಾಣದ ಪಾರ್ಸೆಲ್ ಗುಮಾಸ್ತನ ಮೂಗಿಗೆ ಬಡಿಯುತ್ತಿತ್ತು. ಚಿಕ್ಕಂದಿನಲ್ಲಿ ಇಂಗ್ಲಿಷು ತಪ್ಪು ಬರೆದು, ತರಗತಿಯೆಲ್ಲ ನಗುವಾಗ ತಲೆ ತಗ್ಗಿಸಿ ಒರೆಸಿದ ಸ್ಲೇಟು ಅದು.

ಈಗ ನಿಲ್ದಾಣದ ವಿಚಾರಣೆ ಕಿಟಕಿಯ ಕೆಲಸ ಖಾಲಿ ಬಿದ್ದಿತ್ತು. ಮೂಟೆಗಳ ಧೂಳು ಬಿಟ್ಟು ಅಲ್ಲಿ ಫ್ಯಾನಿನ ಕೆಳಗೆ ಕೂರಬೇಕೆಂದು ಅವನಿಗೆ ಬಲು ಆಸೆ. ಆದರೆ ಪ್ರಯಾಣಿಕರಿಗೆ ಇಂಗ್ಲಿಷಿನಲ್ಲಿ ದಾರಿ ಹೇಳಲು ಬರಬೇಕು. ಪರೀಕ್ಷಿಸಲು ಇವತ್ತು ದೊಡ್ಡ ಸಾಹೇಬರು ಬರುವವರಿದ್ದರು. ಒಂದು ತಿಂಗಳಿಂದ ಅವನು ಕನ್ನಡಿಯ ಮುಂದೆ ಕೈ ಬೀಸಿ ಬೀಸಿ ಉರುಹೊಡೆದಿದ್ದ. ಕನ್ನಡಿಯೊಳಗಿನವನು ಎಡಗೈ ಎತ್ತಲೆಂದು ತಾನು ಬಲಗೈ ಎತ್ತಿ, ಅದೇ ಅಭ್ಯಾಸವಾಗಿಬಿಟ್ಟಿತ್ತು.

"ಕನ್ನಡಿಗೆ ಇಷ್ಟೊಂದು ದಾರಿ ಹೇಳ್ಬೇಡಿ ರೀ, ಅದೂ ಮನೆ ಬಿಟ್ಟು ಹೊರಟುಹೋದೀತು!" ಎಂದಿದ್ದಳು ಹೆಂಡತಿ.

ಬೆಳಿಗ್ಗೆ ಪರದೇಶದ ಹೆಂಗಸೊಬ್ಬಳು ಬಂದು, ಶೌಚಾಲಯ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೇಳಯ್ಯಾ, ಸಾಹೇಬ್ರು ಬರೋ ಮೊದ್ಲು ಒಂದ್ಸಲ ಕೈ ಪಳಗ್ಲಿ," ಎಂದು ಬಸ್ಸುಗಳ ಹೊತ್ತು ನೋಡುವ ಕಂಟ್ರೋಲರ್ ಅವನನ್ನು ಮುಂದೆ ತಳ್ಳಿದ. ಜನ ಸೇರಿದರು.

"ಗೋ ಸ್ಟ್ರೈಟ್ ಅಹೆಡ್. ಅಟ್ ದಿ ಎಂಡ್, ಟರ್ನ್ ಲೆಫ್ಟ್."

ಒಂದಕ್ಷರ ತಪ್ಪಿರಲಿಲ್ಲ. ಕೈ ಮಾತ್ರ ಬಲಕ್ಕೆ, ಧ್ವಜಸ್ತಂಭದ ಹಾಗೆ ಚಾಚಿತ್ತು.

"ಬಾಯಿ ಆ ಕಡೆ, ಕೈ ಈ ಕಡೆ! ದಾರಿ ಕೇಳ್ದೋರು ಎರಡು ಹೋಳಾಗ್ಬೇಕಾ, ಗುರುವೇ?" ಕಂಟ್ರೋಲರ್ ಹೊಟ್ಟೆ ಹಿಡಿದು ನಕ್ಕ. ಗುಂಪೂ ನಕ್ಕಿತು.

ಗುಮಾಸ್ತನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ ಓಡಿ, ತೆರೆದಿದ್ದ ಬಲಗಡೆಯ ಗೋದಾಮಿನ ಬಾಗಿಲನ್ನು ಒಳಗೆ ನೋಡದೆ ಎಳೆದು ಹೊರಗಿನ ಚಿಲಕ ಹಾಕಿ, ಪಕ್ಕದ ತಕ್ಕಡಿಯ ಮರೆಯಲ್ಲಿ ಕೂತ. ಆ ಹೆಂಗಸು ಹುಡುಕಿಕೊಂಡು ಬಂದು, ನಗುತ್ತ "ಥ್ಯಾಂಕ್ ಯೂ" ಅಂದು ಹೋದಳು. ಮಾತನ್ನೇ ನಂಬಿ ಎಡಕ್ಕೆ ಹೋಗಿದ್ದಳು ಪುಣ್ಯಾತ್ಗಿತ್ತಿ. ಅವನಿಗೆ ಹೋದ ಜೀವ ಬಂತು.

ಮಧ್ಯಾಹ್ನವಾದರೂ ಸಾಹೇಬರ ಸುಳಿವಿಲ್ಲ. ಬಸ್ಸುಗಳ ಹಾರ್ನು ಕೊಂಚ ನಿಂತಾಗ ಗೋದಾಮಿನಿಂದ ದಬದಬ ಸದ್ದು ಕೇಳಿಸಿತು. ಚಿಲಕ ತೆಗೆದರೆ, ಮೀಸೆಯ ತುಂಬ ಗೋಣಿನಾರು ಅಂಟಿಸಿಕೊಂಡ ದೊಡ್ಡ ಮನುಷ್ಯರೊಬ್ಬರು ನಿಂತಿದ್ದರು.

"ಯಾರು ಸ್ವಾಮಿ ತಾವು?"

"ನಿನ್ನ ಪರೀಕ್ಷೆ ಮಾಡೋಕೆ ಬಂದೋನು. ಬಸ್ಸಿಳಿದಾಗ ನಂಗೂ ಅದೇ ಅವಸರ ಇತ್ತಪ್ಪಾ. ಆಯಮ್ಮನ ಹಿಂದೇನೇ ನಿಂತಿದ್ದೆ."

"ಆದ್ರೆ ನಾನು ಬಾಯಲ್ಲಿ ಸರಿಯಾಗೇ ಹೇಳಿದ್ನಲ್ಲ, ಸ್ವಾಮಿ?"

ಸಾಹೇಬರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಂಗೆಲ್ಲಿ ಬರುತ್ತಯ್ಯಾ ಇಂಗ್ಲಿಷು? ಕೈ ನೋಡ್ಕೊಂಡು ಬಂದೆ."

ಮೂಲೆಯಲ್ಲಿದ್ದ ಹಳೇ ಎಣ್ಣೆ ಡಬ್ಬದ ಕಡೆ ಇಬ್ಬರೂ ನೋಡಲಿಲ್ಲ.

"ಚಿಲಕ ಹಾಕಿದ್ಯಾರು?"

"ನಾನೇ."

"ನಿಂಗೆ ಕಿಟಕಿ ಕೊಟ್ರೆ, ಪರೀಕ್ಷೆ ಹೇಗೆ ಮಾಡ್ದೆ ಅಂತ ಮೇಲಿನೋರು ಕೇಳ್ತಾರೆ. ಹೇಳೋ ಹಾಗಿದ್ಯಾ?"

"ಇಲ್ಲ ಸ್ವಾಮಿ."

"ಹಾಗಾದ್ರೆ ನಾನಿವತ್ತು ಬಂದೇ ಇಲ್ಲ. ನೀನು ಪಾರ್ಸೆಲ್ಲಲ್ಲೇ ಇರಪ್ಪಾ."

ಬೆಳಗಿನಿಂದ ಏನೂ ತಿನ್ನದ ಸಾಹೇಬರು ಮೂಟೆಗೆ ಕೈಯೂರಿ ಕೂತರು. ಗುಮಾಸ್ತ ತನ್ನ ಊಟದ ಡಬ್ಬಿ ತಂದು, ಮುಚ್ಚಳ ತೆಗೆದು, ಆ ಕೈಗಿಟ್ಟ.