ಇಂಜೆಕ್ಟರ್ ತೊಳೆಸಿದರೂ ಲೀಟರಿಗೆ ಒಂಬತ್ತೇ

ಬೇರೆಯವರ ಕಾರು ರಸ್ತೆಯಲ್ಲಿ ಕೆಡುತ್ತದೆ, ನಮ್ಮದು ಊಟದ ಮೇಜಿನ ಮುಂದೆ ಕೆಡುತ್ತದೆ. ಹನ್ನೆರಡು ವರ್ಷದ ಪೆಟ್ರೋಲ್ ಗಾಡಿ. ಅದರ ದೆಸೆಯಿಂದ ನನಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಈ ಸಲದ್ದು ಮೈಲೇಜಿನ ಗೋಳು.

ಗಡುವು

ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಓಡುತ್ತಿದ್ದದ್ದು ಬೇಸಿಗೆ ಮುಗಿಯುವಷ್ಟರಲ್ಲಿ ಒಂಬತ್ತಕ್ಕೆ ಇಳಿಯಿತು. ನಮ್ಮ ಯಜಮಾನರು ದೋಸೆಯ ಕೊನೇ ತುಂಡಿನಿಂದ ಚಟ್ನಿ ಬಳಿಯುತ್ತಾ ತೀರ್ಪು ಕೊಟ್ಟರು. "ಗೌರಿ ಹಬ್ಬದೊಳಗೆ ಹದಿನಾಲ್ಕು ಬರ್ಲಿಲ್ಲ ಅಂದ್ರೆ ಮಾರ್ಬಿಡೋಣ. ಸಂಪಿಗೆ ರಸ್ತೇಲಿ ಮೆಟ್ರೋ ಇದೆ, ನಿನಗೇನ್ ಕಷ್ಟ?"

ಕಷ್ಟ ಹೇಳುವುದು ಹೇಗೆ? ಮಲ್ಲೇಶ್ವರದ ಎರಡು ರೂಮಿನ ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮಕ್ಕಳು ಸೇರಿ ಆರು ಜನ. ಅಲ್ಲಿಂದ ಚಾಮರಾಜಪೇಟೆಯ ಕಾಲೇಜಿಗೆ ಪಾಠ ಮಾಡಲು ಹೋಗುವ ಆ ನಲವತ್ತು ನಿಮಿಷ ಮಾತ್ರ ಯಾರೂ ನನ್ನನ್ನು "ಅಮ್ಮಾ", "ಕಣೇ", "ಮೇಡಂ" ಎಂದು ಕೂಗುವುದಿಲ್ಲ. ಸಿಗ್ನಲ್ ಕೆಂಪಾದರೆ ಒಳಗೊಳಗೇ ಖುಷಿ. ನನಗೆ ಟ್ರಾಫಿಕ್ ಇಷ್ಟ ಅಂತ ಬಾಯಿಬಿಟ್ಟು ಹೇಳಿದರೆ ಗಾಡಿಗಿಂತ ಮೊದಲು ನನ್ನನ್ನು ರಿಪೇರಿಗೆ ಕಳಿಸುತ್ತಾರೆ.

ಭೌತಶಾಸ್ತ್ರದ ಸಲಹೆ

ಸ್ಟಾಫ್ ರೂಮಿನಲ್ಲಿ ಅತ್ತುಕೊಂಡೆ. ಭೌತಶಾಸ್ತ್ರದ ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಒಂದೇ ಸಮ ಐವತ್ತರಲ್ಲಿ ಓಡಿಸಿ ಮೇಡಂ, ಬ್ರೇಕ್ ಮುಟ್ಟಬೇಡಿ" ಅಂದರು.

"ಎಲ್ಲಿ ಸಾರ್? ಮೆಜೆಸ್ಟಿಕ್ ಹತ್ರಾನಾ?"

ಅವರು ಕನ್ನಡಕ ಇನ್ನೊಮ್ಮೆ ಒರೆಸಿಕೊಂಡರು. ಗಂಟೆ ಹೊಡೆಯಿತು, ಎದ್ದರು. ಬಾಗಿಲ ಹತ್ತಿರ ತಿರುಗಿ ನೋಡಿ, "ಥಿಯರಿ ಪ್ರಕಾರ ಹೇಳ್ದೆ" ಅಂದರು.

ಶವರ್

ಯಜಮಾನರೂ ನಾನೂ ಹೋಗಿ ಗಾಡಿ ತೋರಿಸಿದಾಗ ಕಾಟನ್‌ಪೇಟೆಯ ಮೆಕ್ಯಾನಿಕ್ ಒಬ್ಬರು ಇಂಜೆಕ್ಟರ್ ಕಟ್ಟಿಕೊಂಡಿದೆ ಅಂದರು. ಹಾಗಂದರೇನು ಅಂತ ಕೇಳಿದೆ.

"ನಿಮ್ಮನೆ ಬೋರ್‌ವೆಲ್ ನೀರಿಗೆ ಶವರ್ ತೂತು ಕಟ್ಕೊಳಲ್ವಾ ಮೇಡಂ? ಒಂದ್ ಕಡೆ ಜಿನುಗತ್ತೆ, ಇನ್ನೊಂದ್ ಕಡೆ ಮುಖಕ್ಕೇ ಹೊಡೆಯತ್ತೆ. ಇಲ್ಲೂ ಅಷ್ಟೆ. ಪೆಟ್ರೋಲು ಮಂಜಿನ ಥರ ಚಿಮ್ಮಬೇಕು, ತೊಟ್ಟಿಕ್ಕಿದ್ರೆ ಪೂರ್ತಿ ಉರಿಯಲ್ಲ, ದಂಡ."

ನಾಲ್ಕು ಇಂಜೆಕ್ಟರನ್ನೂ ಬಿಚ್ಚಿ, ತೊಳೆದು, ಗಾಜಿನ ಕೊಳವೆಗಳ ಮೇಲೆ ಕೂರಿಸಿ ಚಿಮ್ಮಿಸಿ ತೋರಿಸಿದರು. ನಾಲ್ಕು ಪುಟ್ಟ ಮಂಜು, ಒಂದರಂತೆ ಇನ್ನೊಂದು. ನನ್ನ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಏನೂ ನಡೆದದ್ದು ನೆನಪಿಲ್ಲ, ಕಣ್ಣು ತುಂಬಿ ಬಂತು.

"ಹಾಗಾದ್ರೆ ಹದಿನಾಲ್ಕು ಬರತ್ತಾ?"

"ಇದರಿಂದ ಒಂದೋ ಎರಡೋ ಜಾಸ್ತಿ ಆಗತ್ತೆ ಮೇಡಂ, ಪವಾಡ ಆಗಲ್ಲ. ಅಷ್ಟೂ ಬರ್ಲಿಲ್ಲ ಅಂದ್ರೆ ದೋಷ ಗಾಡೀದಲ್ಲ." ಅಷ್ಟು ಹೇಳಿ ಪಕ್ಕದಲ್ಲಿದ್ದ ನಮ್ಮ ಯಜಮಾನರನ್ನು ನೋಡಿದರು. ಯಜಮಾನರು ನನ್ನನ್ನು ನೋಡಿದರು.

ಪಕ್ಕದ ಸೀಟು

ಮತ್ತೆ ಟ್ಯಾಂಕ್ ತುಂಬಿಸಿ ಅಳೆದದ್ದಾಯಿತು. ಒಂಬತ್ತೇ. ದೋಷ ಯಾರದು ಎಂಬುದು ತೀರ್ಮಾನವಾಗಿ, ಯಜಮಾನರು ಕಚೇರಿಗೆ ರಜೆ ಹಾಕಿ ನನ್ನ ಪಕ್ಕ ಬಂದು ಕೂತರು. ನನ್ನ ನಲವತ್ತು ನಿಮಿಷಕ್ಕೆ ಅಲ್ಲೇ ತಿಲತರ್ಪಣ.

"ಕ್ಲಚ್ ಮೇಲಿಂದ ಕಾಲು ತೆಗಿ. ಸಿಗ್ನಲ್ ಬಂತು, ಆಫ್ ಮಾಡು. ಪೆಟ್ರೋಲ್ ಉಳಿಯತ್ತೆ."

ಆಫ್ ಮಾಡಿದೆ. ಹಸಿರು ಬಂತು, ಗಾಡಿ ಎದ್ದೇಳಲಿಲ್ಲ. ಹಿಂದೆ ಇಡೀ ಬೆಂಗಳೂರೇ ಹಾರ್ನ್ ಹೊಡೆಯಿತು. ಆಟೋದವರೊಬ್ಬರು ಪಕ್ಕಕ್ಕೆ ಬಂದು ಬಗ್ಗಿ ನೋಡಿದರು. "ಮೇಡಂ, ಸಾರ್‌ಗೆ ಇಳಿದು ತಳ್ಳೋಕ್ ಹೇಳಿ. ಸುಮ್ನೆ ಕೂತು ಭಾರ ಯಾಕೆ?"

ಸಾರ್ ಇಳಿದು ತಳ್ಳಿದರು. ಆವತ್ತೊಂದು ದಿನ ಮೈಲೇಜ್ ಚೆನ್ನಾಗಿ ಬಂದಿರಬೇಕು.

ಏಳು ಗಂಟೆ

ಗೌರಿ ಹಬ್ಬಕ್ಕೆ ಹದಿನೈದು ದಿನ ಉಳಿದಿತ್ತು. ಪರೀಕ್ಷೆ ಡ್ಯೂಟಿ ಅಂತ ಒಂದು ಬೆಳಿಗ್ಗೆ ಏಳಕ್ಕೆ ಮುಂಚೆಯೇ ಹೊರಟೆ. ಯಜಮಾನರು ವಾಕಿಂಗಿಗೆ ಹೋಗಿದ್ದರು. ಮಾವ ಎಂದಿನಂತೆ ಗಾಡಿ ಒರೆಸಲು ಕೆಳಗಿಳಿದಿದ್ದರು.

ಹೊಂಗೆ ಮರದಡಿ ನಿಂತಿದ್ದ ಗಾಡಿ ಗುರ್ ಅನ್ನುತ್ತಿತ್ತು. ಒರೆಸುವ ಬಟ್ಟೆ ಬಾನೆಟ್ ಮೇಲೆ ಒಣಗಿಕೊಂಡು ಬಿದ್ದಿತ್ತು. ಗಾಜೆಲ್ಲ ಮುಚ್ಚಿತ್ತು. ಒಳಗೆ ಮಾವ, ಸೀಟು ಹಿಂದಕ್ಕೆ ಒರಗಿಸಿ, ಸ್ಟೀರಿಂಗ್ ಮೇಲೆ ಪೇಪರ್ ಹರಡಿಕೊಂಡು ಓದುತ್ತಿದ್ದರು. ಗಾಜು ತಟ್ಟಿದೆ. ಇಳಿಯಿತು, ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು.

"ಏನ್ ಮಾವ ಇದು?"

"ಬ್ಯಾಟರಿ ಚಾರ್ಜ್ ಆಗ್ಲಿ ಅಂತಮ್ಮಾ."

"ಎಸಿ ಹಾಕ್ಕೊಂಡಾ? ಎಷ್ಟು ದಿನದಿಂದ?"

"ಬೇಸಿಗೆಯಿಂದ." ಪೇಪರ್ ಮಡಚಿದರು. ದನಿ ತಗ್ಗಿತು. "ಮನೇಲಿ ಒಂದು ಪುಟ ಓದೋಕ್ ಬಿಡಲ್ಲ ಕಣಮ್ಮ. ಹಾಲು ತನ್ನಿ, ಬಾಗಿಲು ತೆಗೀರಿ, ಗ್ಯಾಸಿನವನು ಬಂದ ನೋಡಿ. ಇಲ್ಲಿ ಯಾರೂ ನನ್ನ ಕರೆಯಲ್ಲ."

ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಅದು ನನ್ನದೇ ಮಾತು. ಆದರೂ ಹೇಳಲೇಬೇಕಿತ್ತು. "ಮಾವ, ಓಡದೇ ಕುಡಿದ ಪೆಟ್ರೋಲೂ ಮೈಲೇಜಿಗೇ ಸೇರತ್ತೆ. ಹೀಗೇ ಆದ್ರೆ ಹಬ್ಬಕ್ಕೆ ಗಾಡಿ ಮಾರ್ತಾರೆ. ಆಮೇಲೆ ನಿಮಗೂ ಇಲ್ಲ, ನನಗೂ ಇಲ್ಲ."

ಮಾವ ನ್ಯಾಯವಂತರು. ಒಂದು ನಿಟ್ಟುಸಿರು ಬಿಟ್ಟು, ತಾವೇ ಕೀಲಿ ತಿರುಗಿಸಿ ಇಂಜಿನ್ ಆರಿಸಿದರು. "ಇನ್ಮೇಲೆ ಗಾಜು ಇಳಿಸ್ಕೊಂಡು ಕೂತ್ಕೋತೀನಿ. ಅವನಿಗೆ ಹೇಳ್ಬೇಡ."

ಹೋದ ಜೀವ ಬಂತು. ಇಂಜೆಕ್ಟರ್ ಶುದ್ಧ, ಮಾವ ಶುದ್ಧ. ಇನ್ನು ಹದಿನಾಲ್ಕು ಬರದೇ ಎಲ್ಲಿ ಹೋಗುತ್ತದೆ?

ಅಷ್ಟರಲ್ಲಿ ಗೇಟು ಕಿರ್ ಅಂದಿತು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಹೂ ಕಟ್ಟುವ ಬುಟ್ಟಿ ಹಿಡಿದು ಅತ್ತೆ ಬಂದರು. ನನ್ನನ್ನು ಗಮನಿಸಲೇ ಇಲ್ಲ. ಕಿಟಕಿಯೊಳಗೆ ಕೈ ಹಾಕಿ ಗಾಳಿ ಮುಟ್ಟಿ ನೋಡಿದರು.

"ಏನ್ರೀ, ಎಸಿ ಯಾಕ್ ಆರಿಸಿದ್ರಿ? ಇಳೀರಿ, ಏಳು ಗಂಟೆ ಆಯ್ತು. ಎಂಟರ ತನಕ ನನ್ನ ಸರದಿ."