ಸಾಧು ಪಾರ್ಸೆಲ್ಲು, ಕೋಪಿಷ್ಠ ಪಾರ್ಸೆಲ್ಲು

ಭೂಮಂಡಲದಲ್ಲಿ ಹಲಸಿನ ಕಾಯಿಯಿಂದ ಲಿಖಿತ ಹೇಳಿಕೆ ಪಡೆಯಲು ಹೊರಟ ಏಕೈಕ ಮಾನವ ನನ್ನ ಸೋದರಮಾವ ಎಂದರೆ ನೀವು ನಗಬಹುದು. ಧಾರಾಳವಾಗಿ ನಗಿ! ಆದರೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ ಕಂಪನಿಯೊಂದರ ಪಾರ್ಸೆಲ್ ಗುಮಾಸ್ತರಾಗಿದ್ದ ಅವರ ಕಿಟಕಿಯ ಮುಂದೆ ಒಮ್ಮೆಯಾದರೂ ನಿಂತವರು ನಗಲಾರರು. ಅವರಿಗೆ ಅಲ್ಲಿ ತಪ್ಪಿಹೋದ ಬಸ್ಸುಗಳ ನೆನಪಾಗುತ್ತದೆ.

ಮೇಗುಂದದ ಹೆಂಗಸೊಬ್ಬಳು ಶಿವಮೊಗ್ಗದ ಮಗಳಿಗೆ ಹಲಸು ಕಳಿಸಲು ಬಂದಿದ್ದಳು.

“ಇದು ಕಾಯಾ, ಹಣ್ಣಾ?” ಮಾವ ಕೇಳಿದರು.

“ಈಗ ಕಾಯಿ ಅಯ್ಯಾ. ನಾಡಿದ್ದಿಗೆ ಹಣ್ಣು.”

“ನಾಡಿದ್ದು ಎಷ್ಟೊತ್ತಿಗೆ?”

“ಅದೇನು ನಂಗೆ ಹೇಳಿ ಹಣ್ಣಾಗ್ತದಾ? ಬೇಕಾದ್ರೆ ನೀವೇ ಕೇಳಿ!”

ಮಾವ ಕೇಳಲಿಲ್ಲ. ಬಗ್ಗಿ ಮೂಸಿ ನೋಡಿ, ಚೀಟಿಯಲ್ಲಿ ಬರೆದರು: ‘ಮನಸ್ಸು ಬದಲಾಯಿಸುವ ಸ್ವಭಾವ. ಬಟ್ಟೆಯ ಗಂಟಿನಿಂದ ದೂರವಿಡಿ.’

ಈ ಬಟ್ಟೆಯ ಗಂಟಿಗೊಂದು ಹಿನ್ನೆಲೆಯಿದೆ. ಹಿಂದೊಮ್ಮೆ ನರಸಿಂಹರಾಜಪುರದ ಕಡೆಯಿಂದ ಯಾರೋ ಲಾರಿಯ ಹಳೆಯ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ, ‘ಕಬ್ಬಿಣದ ಸಾಮಾನು’ ಎಂದು ಹೇಳಿ ಕಳಿಸಿದ್ದರು. ತಲೆಕೆಳಗಾಗಿ ಮಲಗಿದ ಬ್ಯಾಟರಿ ಇಡೀ ದಾರಿ ಆಸಿಡ್ ಕಾರಿತು. ಪಕ್ಕದಲ್ಲಿದ್ದದ್ದು ಎಸ್ಟೇಟ್ ಕೂಲಿಯ ಹೆಂಗಸಿನ ಗಂಟು. ಒಳಗೆ ಹಬ್ಬಕ್ಕೆಂದು ಹೊಲಿಸಿದ ಮಕ್ಕಳ ಬಟ್ಟೆ. ಗಂಟು ಬಿಚ್ಚಿದಾಗ ಸಿಕ್ಕಿದ್ದು ಬರೀ ತೂತುಗಳ ಬಲೆ! ಅಂದಿನಿಂದ ಮಾವ ಜಗತ್ತಿನ ಸಕಲ ವಸ್ತುಗಳನ್ನೂ ಎರಡು ವರ್ಗಗಳಾಗಿ ವಿಂಗಡಿಸಿದರು: ಸಾಧು ಮತ್ತು ಕೋಪಿಷ್ಠ. ಅಕ್ಕಿ, ಪುಸ್ತಕ, ತಾಮ್ರದ ಚೆಂಬು ಸಾಧುಗಳು. ಸೀಮೆಎಣ್ಣೆ, ಪಟಾಕಿ, ಸರಿಯಾಗಿ ಬಿರಡೆ ಹಾಕದ ಜೇನಿನ ಬಾಟಲಿ ಕೋಪಿಷ್ಠರು. ಕೋಪಿಷ್ಠರಿಗೆ ಮೂರು ಪ್ರತಿ ಚೀಟಿ: ಒಳಗಿರುವುದು ಏನು, ಎಷ್ಟು, ಹೇಗೆ ಕಟ್ಟಿದ್ದೀರಿ, ಸಿಟ್ಟು ಬಂದರೆ ಏನು ಮಾಡುತ್ತದೆ, ಆಗ ಯಾರನ್ನು ಕರೆಯಬೇಕು?

ಜೇನುಪೆಟ್ಟಿಗೆ ತಂದ ಮೆಣಸೆ ಊರಿನ ಸಾಕಣೆಗಾರನೊಬ್ಬ ‘ಎಷ್ಟು’ ಎಂಬ ಪ್ರಶ್ನೆಗೆ ಬಂದು ನಿಂತುಬಿಟ್ಟ.

“ಹುಳ ಎಷ್ಟು ಅಂತ ಹೆಂಗೆ ಬರೆಯೋದು ಮಾರಾಯ್ರೆ?”

“ಅಂದಾಜು ಬರಿ.”

“ಮುಚ್ಚಳ ತೆಗೀತೇನೆ, ನೀವೇ ಎಣಿಸಿಕೊಳ್ಳಿ.”

ಮಾವನ ಕರ್ತವ್ಯನಿಷ್ಠೆಗೂ ಒಂದು ಮಿತಿಯಿದೆ ಎಂದು ಕೊಪ್ಪಕ್ಕೆ ತಿಳಿದದ್ದು ಅಂದೇ.

ನಾನಾದರೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿ, ಸಮಾಜವನ್ನು ತಿದ್ದದೆ ಬಿಡೆನೆಂದು ಊರಿಗೆ ಮರಳಿದವನು. ಮನುಷ್ಯ ಮನುಷ್ಯನನ್ನು ನಂಬಬೇಕು, ಕಾಗದವನ್ನಲ್ಲ ಎಂಬುದು ನನ್ನ ದೃಢವಾದ ನಿಲುವು. ಆದ್ದರಿಂದ ನಾಲ್ಕಾರು ಗೆಳೆಯರನ್ನು ಕೂಡಿಸಿ ‘ಅನಗತ್ಯ ಕಾಗದ ನಿರ್ಮೂಲನ ವೇದಿಕೆ’ಯನ್ನು ಸ್ಥಾಪಿಸಿದೆ. ಮೊದಲ ಸಭೆಗೆ ಮಾವನನ್ನೇ ಆಹ್ವಾನಿಸಿದೆ. ಎದುರಾಳಿಯ ಸಮ್ಮುಖದಲ್ಲೇ ವಾದ ಮಂಡಿಸುವುದು ಸಜ್ಜನಿಕೆಯಲ್ಲವೇ? ಮುಕ್ಕಾಲು ಗಂಟೆ ಮಾತನಾಡಿದೆ. ಮಾವ ಕೊನೆಯವರೆಗೂ ಕೇಳಿ, ಎದ್ದು ನಿಂತು, ಅತ್ಯಂತ ವಿನಯದಿಂದ, “ಮಾಣಿ, ಎಲ್ಲಾ ಸರಿ. ವೇದಿಕೆಗೆ ನಿಯಮಾವಳಿ ಉಂಟಾ? ಉಂಟಾದ್ರೆ ಒಂದು ಪ್ರತಿ ಕೊಡು” ಎಂದರು. ವೇದಿಕೆಯ ಎರಡನೆಯ ಸಭೆ ಇನ್ನೂ ನಡೆದಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲೇ ಪಕ್ಕದ ಜಯಪುರದ ಸಾಹೇಬರು ಆ ಕಿಟಕಿಗೆ ಬಂದದ್ದು. ಅವರದು ಕೊಡೆ, ಟಾರ್ಚುಗಳ ಅಂಗಡಿ. ಒಂದು ಕಾಲಕ್ಕೆ ಅವರು ಅಂಗಡಿಯಿಂದ “ಬನ್ನಿ, ಬನ್ನಿ” ಎಂದರೆ ಹೊರಟ ಬಸ್ಸು ತನ್ನನ್ನೇ ಕರೆದರೆಂದು ನಿಲ್ಲುತ್ತಿತ್ತು! ಗಂಟಲಿನ ಕಾಯಿಲೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಆ ಧ್ವನಿ ಪೂರ್ತಿ ಹೋಯಿತು. ಕೊಲ್ಲಿಯಲ್ಲಿದ್ದ ತಮ್ಮ ಒಂದು ಯಂತ್ರ ಕಳಿಸಿದ. ಗಂಟಲಿಗೆ ಒತ್ತಿ ಹಿಡಿದರೆ, ಡಬ್ಬದೊಳಗೆ ದುಂಬಿ ಗುಂಯ್‌ಗುಟ್ಟಿದಂತೆ, ಆದರೂ ಅರ್ಥವಾಗುವಂತೆ, ಮಾತು ಹೊರಡುತ್ತಿತ್ತು. ಈಗ ಅದೂ ಮೂಕವಾಗಿತ್ತು. ಹನ್ನೆರಡು ದಿನಗಳಲ್ಲಿ ಮಗಳ ನಿಕಾಹ್. ‘ನನ್ನ ಮಗಳನ್ನು ನಿನಗೆ ಕೊಟ್ಟಿದ್ದೇನೆ’ ಎಂದು ವರನಿಗೆ ಹೇಳಬೇಕಾದವನು ಹುಡುಗಿಯ ತಂದೆ. ನಿಮ್ಮ ಪರವಾಗಿ ನಾನೇ ಹೇಳುತ್ತೇನೆಂದು ಖಾಜಿಯವರು ಅಂದಾಗ, ಸಾಹೇಬರು ತಮ್ಮ ಸ್ಲೇಟಿನ ಮೇಲೆ ಬರೆದರಂತೆ: ‘ಮಗಳು ನನ್ನವಳು.’

ರಿಪೇರಿ ಆಗುವುದು ಬೊಂಬಾಯಿಯಲ್ಲಿ ಮಾತ್ರ. ದೋಷ ಯಂತ್ರದ್ದೋ ಅದರ ಎರಡು ಸೆಲ್ಲುಗಳದ್ದೋ ತಿಳಿಯದ ಕಾರಣ ಎಲ್ಲವನ್ನೂ ಕಳಿಸಬೇಕು. ರಸ್ತೆಯಲ್ಲಿ ಹೋಗಿ ರಿಪೇರಿಯಾಗಿ ಬರುವಷ್ಟರಲ್ಲಿ ಮದುವೆ ಮುಗಿದಿರುತ್ತದೆ. ಮಂಗಳೂರಿನಿಂದ ವಿಮಾನವೊಂದೇ ದಾರಿ.

“ಸೆಲ್ಲು ಯಾವ ಜಾತಿ ಅಂತ ಮೊದಲು ನೋಡ್ಬೇಕು” ಎಂದು ಮಾವ ಶುರುಮಾಡಿದರು. ನಾನು ಸಹಿಸಲಿಲ್ಲ. ಮನುಷ್ಯನೊಬ್ಬ ಮಾತಿಗಾಗಿ ಹಂಬಲಿಸುತ್ತಿರುವಾಗ ಜಾತಿ ವಿಚಾರವೇ! ಯಂತ್ರದ ಡಬ್ಬವನ್ನು ಕಿತ್ತುಕೊಂಡು ಅಂದೇ ಮಂಗಳೂರಿನ ಬಸ್ಸು ಹತ್ತಿದೆ.

ವಿಮಾನದ ಸರಕು ಕಚೇರಿಯ ಅಧಿಕಾರಿ ಡಬ್ಬ ತೆರೆದು ಸೆಲ್ಲೊಂದನ್ನು ತಿರುಗಿಸಿ ನೋಡಿದರು. “ಇದು ಲಿಥಿಯಂ. ಹೊಸ ನಮೂನೆಯದ್ದು. ತುದಿಗೆ ತುದಿ ತಾಗಿದ್ರೆ ಬಿಸಿಯಾಗಿ ಹೊತ್ತಿಕೊಳ್ತದೆ. ಎಷ್ಟು ಉಂಟು, ಹೇಗೆ ಕಟ್ಟಿದ್ದು, ಯಾರು ಜವಾಬ್ದಾರಿ, ಕಾಗದ ಬೇಕು.”

ನಾನು ಮಾನವೀಯತೆಯ ಬಗ್ಗೆ, ತಂದೆಯ ಹೃದಯದ ಬಗ್ಗೆ, ನಿಯಮದ ಶಬ್ದಕ್ಕಿಂತ ಅದರ ಆತ್ಮ ದೊಡ್ಡದೆಂಬುದರ ಬಗ್ಗೆ ಮಾತನಾಡಿದೆ. ಗುಮಾಸ್ತನೊಬ್ಬ ಕಣ್ಣೊರೆಸಿಕೊಂಡ. ಅಧಿಕಾರಿ ತಲೆದೂಗಿದರು.

“ಭಾಷಣ ಲಾಯಕ್ ಉಂಟು. ಕಾಗದ ಎಲ್ಲಿ?”

“ಇಷ್ಟು ಚಿಕ್ಕ ಸೆಲ್ಲಿಗೆ...”

“ರಸ್ತೆಯಲ್ಲಿ ಬೆಂಕಿ ಹತ್ತಿದ್ರೆ ಬಸ್ಸಿಂದ ಇಳಿಬಹುದು ಮಾರಾಯ್ರೆ. ಮೇಲೆ ಹತ್ತಿದ್ರೆ ನೀವು ಎಲ್ಲಿ ಇಳಿತೀರಿ?”

ನಾನು ಇಳಿದದ್ದು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ.

ಡಬ್ಬದೊಂದಿಗೆ ಮರಳಿದ ನನ್ನನ್ನು ಮಾವ ಹಂಗಿಸಲಿಲ್ಲ. ಹಂಗಿಸಲು ಪುರುಸೊತ್ತೆಲ್ಲಿ? ಅವರ ಮುಖದಲ್ಲಿ ಹಬ್ಬ! “ಆಕಾಶದವರೂ ನಮ್ಮ ಹಾಗೇ ಯೋಚನೆ ಮಾಡ್ತಾರಲ್ಲ ಮಾಣಿ!” ಎಂದು ಬೊಂಬಾಯಿಗೆ ತಂತಿ ಕೊಟ್ಟು ಸೆಲ್ಲಿನ ಕುಲಗೋತ್ರ ತರಿಸಿದರು. ಎರಡೂ ಸೆಲ್ಲುಗಳ ತುದಿಗಳಿಗೆ ಟೇಪು ಸುತ್ತಿ, ಬೇರೆಬೇರೆ ಚೀಲದಲ್ಲಿಟ್ಟು, ಯಂತ್ರದೊಂದಿಗೆ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಅಲುಗದಂತೆ ಕೂರಿಸಿದರು. ಬಿದ್ದರೆ? ಅಂಥದೇ ಇನ್ನೊಂದು ಪೆಟ್ಟಿಗೆಯಲ್ಲಿ ಕೋಳಿಮೊಟ್ಟೆ ಇಟ್ಟು, ಹುಟ್ಟಾ ಸಸ್ಯಾಹಾರಿಯಾದ ನನ್ನ ಮಾವ ಶೃಂಗೇರಿ ಬಸ್ಸಿನ ಏಣಿ ಹತ್ತಿ, ಮೇಲಿನಿಂದ ಕೆಳಗೆ ಬಿಟ್ಟರು! ಮೊದಲ ಮೊಟ್ಟೆ ಒಡೆಯಿತು. ಎರಡನೆಯದೂ ಒಡೆಯಿತು. ಒಳಗಿನ ಕಟ್ಟು ಬಿಗಿಗೊಳಿಸಿ ಬಿಟ್ಟ ಮೂರನೆಯದು ಉಳಿದಾಗ ಕಂಡಕ್ಟರುಗಳೆಲ್ಲ ಶಿಳ್ಳೆ ಹೊಡೆದರು. ಮಾವ ಬರೆದ ಕಾಗದದಲ್ಲಿ ಆ ವಿಷಯವೂ ಸೇರಿತು.

ಈ ಸಲ ಮಂಗಳೂರಿನ ಅಧಿಕಾರಿ ಓದಿದರು, ಮತ್ತೊಮ್ಮೆ ಓದಿದರು. ತಮ್ಮಲ್ಲಿದ್ದ ನಮೂನೆಗೆ ಅದನ್ನು ಇಳಿಸಿ ನನ್ನ ಕೈಯಲ್ಲಿ ಸಹಿ ಹಾಕಿಸಿ, “ಇದನ್ನು ಬರೆದವರು ಯಾವ ವಿಮಾನ ಕಂಪನಿಯಲ್ಲಿ ಇರುವುದು?” ಎಂದು ಕೇಳಿದರು. ಪೆಟ್ಟಿಗೆ ಹಾರಿತು.

ತುರ್ತಿಗೆ ಕರೆಯಬೇಕಾದವರ ಜಾಗದಲ್ಲಿ ಮಾವ ತಮ್ಮ ಹೆಸರನ್ನೂ ಬಸ್ ಕಚೇರಿಯ ಫೋನ್ ನಂಬರನ್ನೂ ಕೊಟ್ಟಿದ್ದರು. ಆ ದಿನ ಅವರು ಊಟಕ್ಕೂ ಏಳದೆ ಫೋನಿನ ಪಕ್ಕ ಕುಳಿತಿದ್ದರಂತೆ. ‘ಇವತ್ತು ಪಾರ್ಸೆಲ್ ಇಲ್ಲ, ವಿಮಾನ ಮೇಲಿದೆ’ ಎಂದು ಕಿಟಕಿಗೆ ಬಂದವರಿಗೆಲ್ಲ ಹೇಳಿದರಂತೆ!

ಯಂತ್ರ ಮರಳಿದ್ದು ಮದುವೆಯ ಹಿಂದಿನ ದಿನ. ಜೊತೆಗೊಂದು ಚೀಟಿ: ದೋಷ ಯಂತ್ರದ್ದು, ಸರಿಪಡಿಸಿದೆ. ಸೆಲ್ಲುಗಳಲ್ಲಿ ಇನ್ನು ಸ್ವಲ್ಪವೇ ಜೀವವಿದೆ. ಹೊಸವು ಹೊರದೇಶದಿಂದ ಬರಲು ತಿಂಗಳುಗಳು ಹಿಡಿಯುತ್ತವೆ. ಅಗತ್ಯವಿದ್ದಷ್ಟೇ ಮಾತನಾಡಿ.

ಜಯಪುರದ ಚಪ್ಪರದಲ್ಲಿ ನಾನೂ ಮಾವನೂ ಪಕ್ಕಪಕ್ಕದಲ್ಲಿ ಕುಳಿತೆವು. ಸಾಹೇಬರು ಯಂತ್ರವನ್ನು ಗಂಟಲಿಗೆ ಒತ್ತಿ, ವರನನ್ನು ನೋಡಿ, ಹೇಳಬೇಕಾದ ಮಾತು ಹೇಳಿದರು. ತಕ್ಷಣ ಗುಂಡಿ ಆರಿಸಿ ಜೇಬಿಗಿಟ್ಟುಕೊಂಡರು, ಎಂಥ ಸಂಯಮ! ಊಟದ ಹೊತ್ತಿನಲ್ಲೂ ಕೈಸನ್ನೆಯೇ.

ಮಗಳು ಹೊರಟಾಗ ಮಾತ್ರ ಯಂತ್ರ ಜೇಬಿನಿಂದ ಹೊರಬಂತು. ಕಾರಿನ ಕಿಟಕಿಗೆ ಬಗ್ಗಿ ಅವರು ಮಾತಾಡತೊಡಗಿದರು. ಚಿಕ್ಕಂದಿನಲ್ಲಿ ಅವಳಿಗೆ ಬಂದ ಜ್ವರ, ಅವಳು ಮುರಿದ ಕೊಡೆ, ಅತ್ತೆಯ ಮನೆಯಲ್ಲಿ ಹಸಿವೆಯಾದರೆ ನಾಚದೆ ಕೇಳಬೇಕೆಂಬ ಬುದ್ಧಿಮಾತು... ಗುಂಯ್‌ಗುಟ್ಟುವ ಆ ಧ್ವನಿ ನಿಲ್ಲಲೇ ಇಲ್ಲ, ಬರಬರುತ್ತ ಸಣ್ಣಗಾಗುತ್ತಿತ್ತು. ಚೀಟಿ ಓದಿದ್ದ ನಾನು ಗಾಬರಿಯಿಂದ ಎದ್ದೆ. ಯಾರಾದರೂ ಅವರಿಗೆ ನೆನಪಿಸಬೇಡವೇ?

ಮಾವ ನನ್ನ ಅಂಗಿಯ ತೋಳು ಹಿಡಿದು ಕೂರಿಸಿದರು.

“ಮಾತಾಡ್ಲಿ ಬಿಡು ಮಾಣಿ. ಸೆಲ್ಲು ಖಾಲಿಯಾದ್ರೆ ಹೊಸದಕ್ಕೆ ಮತ್ತೆ ಕಾಗದ ಬರೆದ್ರಾಯ್ತು.”